ಅಕ್ಕೋರ ಪ್ರಮೋಷನ್

ಅವರ ಹೆಸರು ಬರೆಯಬಾರದೆಂದು ತೀರ್ಮಾನಿಸಿಯೇ ಕೂತಿದ್ದೇನೆ. ಬರೆದರೂ ಗುರುತು ಹಿಡಿಯುವವರು ಕಡಿಮೆ. ಯಾದಗಿರಿ ಆಸ್ಪತ್ರೆಯ ಆ ವಾರ್ಡಿನಲ್ಲಿ ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಇವರು ಟೀಚರ್ ಅಲ್ಲ, ಆದರೂ ಮಕ್ಕಳು ಮೊದಲ ದಿನವೇ ಅಕ್ಕೋರು ಅಂದುಬಿಟ್ಟವು. ನಿಜವಾದ ಅಕ್ಕೋರು, ಅಂದರೆ ದೋರನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಕಲಿಸಿ ಗಂಟಲು ಹರಿದುಕೊಂಡಿರುವ ನಾನು, ಅಲ್ಲೇ ಮಗಳ ಮಂಚದ ತುದಿಗೆ ಕೂತಿದ್ದೆ. ನನ್ನನ್ನು ಅವು ‘ಅಂಬಿಕಾನ ಅವ್ವ’ ಅನ್ನುತ್ತಿದ್ದವು. ಹೊಟ್ಟೆ ಸ್ವಲ್ಪ ಉರಿದದ್ದು ಸುಳ್ಳಲ್ಲ.

ಅಂಬಿಕಾ ನನ್ನ ಒಬ್ಬಳೇ ಮಗಳು. ಅವಳಿಗೆ ಥಲಸ್ಸೇಮಿಯಾ. ಮೈಯಲ್ಲಿ ಬೇಕಾದಷ್ಟು ರಕ್ತ ಆಗುವುದಿಲ್ಲ, ಮೂರು ವಾರಕ್ಕೊಮ್ಮೆ ಹೊರಗಿನಿಂದ ಏರಿಸಬೇಕು. ಏರಿಸಿದ ರಕ್ತದ ಕಬ್ಬಿಣ ಒಳಗೇ ಉಳಿದು ಗುಂಡಿಗೆಯನ್ನು ತಿನ್ನುತ್ತದೆ, ಅದನ್ನು ಇಳಿಸಲು ದಿನಾ ಗುಳಿಗೆ ನುಂಗಬೇಕು. ಹೇಳಲು ಎರಡು ಮಾತು. ಬಾಳಲು ಹೋದರೆ ಇಡೀ ಮನೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಮನೆ ಇರುವ ಶಹಾಪುರದಿಂದ ಯಾದಗಿರಿ, ಯಾದಗಿರಿಯಿಂದ ಶಹಾಪುರ. ಗೂಟಕ್ಕೆ ಕಟ್ಟಿದ ದನ ಹಗ್ಗ ಇದ್ದಷ್ಟು ದೂರ ಮೇಯ್ದು ತಿರುಗಿ ಬರುತ್ತದಲ್ಲ, ಹಾಗೆ. ತವರಿನ ಮದುವೆ, ನನ್ನ ವರ್ಗಾವಣೆ, ಮನೆಯವರ ದುಡಿಮೆ, ಎಲ್ಲವನ್ನೂ ರಕ್ತದ ದಿನ ಕೇಳಿಕೊಂಡೇ ಒಪ್ಪಬೇಕು, ಇಲ್ಲವೇ ಕೈಬಿಡಬೇಕು. ಬಿಟ್ಟದ್ದೇ ಹೆಚ್ಚು.

ಮಕ್ಕಳಿಗೆ ರಕ್ತ ಹಾಕುತ್ತಿದ್ದ ಕೋಣೆ ಮೊದಲು ಸಾಮಾನು ತುಂಬುವ ಕೋಣೆಯಾಗಿತ್ತು. ಎಸಿ ಕೂರಿಸುತ್ತೇವೆಂದು ಒಂದೇ ಕಿಟಕಿಗೆ ಹಲಗೆ ಬಡಿದಿದ್ದರು. ಎಸಿ ಬಂತು, ನಡೆಯಲಿಲ್ಲ. ಹಲಗೆ ಮಾತ್ರ ಉಳಿಯಿತು. ಬೇಸಿಗೆಯಲ್ಲಿ ಒಳಗೆ ಕೂತರೆ ಬೇಯುತ್ತಿದ್ದೆವು. ಅಕ್ಕೋರು ಬಂದ ದಿನ ಯಾರನ್ನೂ ಮಾತಾಡಿಸದೆ ನೇರ ಹೋಗಿ ಆ ಹಲಗೆಯನ್ನು ಎರಡೂ ಕೈಯಿಂದ ಎಳೆದರು. ಬರಲಿಲ್ಲ. ಕಾಲು ಕೊಟ್ಟು ಎಳೆದರು. ಮಂಚದ ಮೇಲಿನ ಮಕ್ಕಳು ಸೂಜಿ ಮರೆತು ನೋಡುತ್ತಿದ್ದವು.

“ಬರಂಗಿಲ್ರಿ ಅದು,” ಅಂದ ದೇವಾಪುರದ ಮೌನೇಶ. ಆ ವಾರ್ಡಿನಲ್ಲಿ ಅವನೇ ಎಲ್ಲರಿಗಿಂತ ಸಣ್ಣವನು, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು.

“ಇವತ್ತ ಬರಂಗಿಲ್ಲ. ನಾಳಿ ಮತ್ತ ಎಳಿತೀನಿ,” ಅಂದರು ಅಕ್ಕೋರು. ದಿನಾ ಎಳೆದರು ಕೂಡ. ಅದು ಬರಲೇ ಇಲ್ಲ.

ಎತ್ತರದ ಹೆಂಗಸು, ಒಣಕಲು ಮೈ, ಗಂಡಸಿನಂಥ ದನಿ. ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಅವರು ಗುಟ್ಟು ಹೇಳಿದರೆ ಹೊರಗಿನ ಔಷಧದ ಕಿಟಕಿಯವರೆಗೂ ಕೇಳುತ್ತಿತ್ತು. ಸುರಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಹೆಗಲಚೀಲಕ್ಕೆ ಬುದ್ಧನ ಸಣ್ಣ ಬಿಲ್ಲೆಯೊಂದು ತೂಗುತ್ತಿತ್ತು, ಚೀಲದೊಳಗೆ ಯಾವಾಗಲೂ ಹುರಿದ ಶೇಂಗಾ. ಕುರ್ಚಿ ಕೊಟ್ಟರೆ ಅದರ ಮೇಲೆ ಚೀಲ ಇಟ್ಟು ತಾವು ನೆಲಕ್ಕೆ ಕೂರುತ್ತಿದ್ದರು. ಮದುವೆಯಾಗಿರಲಿಲ್ಲ. ಲಕ್ವ ಹೊಡೆದ ತಾಯಿ ಮನೆಯಲ್ಲಿ ಮಲಗಿದ್ದರು. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ ಓದಿದವರು. ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತ್ತಂತೆ, ತಾಯಿಯನ್ನು ಬಿಟ್ಟು ಹೋಗಲು ಆಗಲಿಲ್ಲವಂತೆ. ಇದನ್ನು ಅವರು ದುಃಖಪಟ್ಟುಕೊಂಡು ಹೇಳಲಿಲ್ಲ, ಬಸ್ಸು ತಪ್ಪಿತು ಅನ್ನುವ ಹಾಗೆ ಹೇಳಿದರು.

‘ಪಾಪ’ ಅನ್ನುವ ಮಾತು ಅವರಿಗೆ ಆಗುತ್ತಿರಲಿಲ್ಲ. ವಾರ್ಡಿಗೆ ಬಂದವರು ಮಕ್ಕಳ ತಲೆ ಸವರಿ “ಪಾಪ, ಕೂಸು” ಅಂದರೆ ಸಾಕು, “ಪಾಪ ಅಂದವ್ರು ಎಲ್ಲಾರಿಗೂ ಚಾ ಕುಡಸ್ಬೇಕ್ರಿ ಇಲ್ಲಿ, ಕಾಯ್ದೆ ಅದ” ಅಂತ ಕೈ ಚಾಚುತ್ತಿದ್ದರು. ಬಿಸ್ಕಿಟ್ ಹಂಚಿ ಫೋಟೋ ತೆಗೆಸಿಕೊಳ್ಳಲು ಬಂದ ಒಬ್ಬ ದೊಡ್ಡ ಮನುಷ್ಯರು ಮೂರು ಸಲ ಪಾಪ ಅಂದು ಮೂರು ಸಲ ಚಹಾ ಕುಡಿಸಿ ಹೋದರು. ಆಮೇಲೆ ಯಾರೇ ಬಾಗಿಲಲ್ಲಿ ಕಾಣಿಸಿದರೂ ಮಕ್ಕಳು ಅವರ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದವು.

ಅವರನ್ನು ಕಳಿಸಿದ್ದು ದೂರದ ಊರಿನ ಒಂದು ಸಂಸ್ಥೆ. ವರ್ಷಾವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ದೀರ್ಘ ಕಾಯಿಲೆಯ ಮಕ್ಕಳಿಗೆ ಧೈರ್ಯ ತುಂಬುವುದು, ತುಂಬಿದ ಧೈರ್ಯ ಎಷ್ಟಾಯಿತೆಂದು ಆಗಾಗ ಅಳೆದು ಕಳಿಸುವುದು.

“ಧೈರ್ಯ ಹ್ಯಾಂಗ ಅಳಿತೀರಿ?” ಅಂತ ಕೇಳಿದೆ. ಜೀವನವಿಡೀ ಅಂಕ ಹಾಕುತ್ತ ಬಂದವಳು, ನನಗೆ ಕುತೂಹಲ.

“ನನಗೂ ಹೊಸಾದ ಅದರಿ. ಅಳದು ನೋಡೂಣು,” ಅಂದರು.

ಅಳತೆ ಎಂದರೆ ಒಂದಿಷ್ಟು ವಾಕ್ಯಗಳು. ‘ಕಷ್ಟ ಬಂದಾಗ ನಾನು ಧೈರ್ಯಗೆಡುವುದಿಲ್ಲ.’ ‘ನನಗೆ ಒಳ್ಳೆಯ ಗೆಳೆಯರಿದ್ದಾರೆ.’ ‘ನನಗೆ ಬೇಸರವಾದಾಗ ಹೇಳಿಕೊಳ್ಳಲು ಒಬ್ಬರಿದ್ದಾರೆ.’ ಮಕ್ಕಳು ಪ್ರತಿಯೊಂದಕ್ಕೂ ಯಾವಾಗಲೂ, ಬಹಳ ಸಲ, ಕೆಲವು ಸಲ, ಅಪರೂಪಕ್ಕೆ, ಎಂದೂ ಇಲ್ಲ ಎಂಬುದರಲ್ಲಿ ಒಂದನ್ನು ಆರಿಸಬೇಕು. ನನ್ನ ಹತ್ತನೇ ತರಗತಿಯ ಹುಡುಗರಿಗೇ ಈ ಮೆಟ್ಟಿಲುಗಳು ಕಾಲಿಗೆ ತೊಡರುತ್ತವೆ, ಆ ಸಣ್ಣವಕ್ಕೆ ಏನು ತಿಳಿಯಬೇಕು. ಅಕ್ಕೋರು ಉಪಾಯ ಮಾಡಿದರು. ಸ್ಟೀಲ್ ತಟ್ಟೆ ಇಟ್ಟು, ಚೀಲದಿಂದ ಶೇಂಗಾ ತೆಗೆದರು. ಮಾತು ಪೂರ್ತಿ ಖರೇ ಅನಿಸಿದರೆ ತಟ್ಟೆಗೆ ಐದು ಕಾಳು ಹಾಕಬೇಕು, ಏನೂ ಖರೇ ಇಲ್ಲವೆಂದರೆ ಒಂದು. ಹಾಕಿದ ಕಾಳು ಆಮೇಲೆ ಅವರವರಿಗೇ.

ಎಲ್ಲ ಮಕ್ಕಳೂ ಎಲ್ಲ ಮಾತಿಗೂ ಐದೈದು ಹಾಕಿದವು. ಅಕ್ಕೋರು ಖುಷಿಯಿಂದ ಲೆಕ್ಕ ಕಳಿಸಿದರು. ಸಂಸ್ಥೆಯವರೂ ಬೆರಗಾಗಿ ಮೆಚ್ಚಿದರು. ಇಷ್ಟು ಧೈರ್ಯದ ಮಕ್ಕಳು ಅವರ ಯಾವ ಜಿಲ್ಲೆಯಲ್ಲೂ ಇರಲಿಲ್ಲವಂತೆ.

ಕೆಲವು ದಿನದ ಮೇಲೆ ಮೌನೇಶನ ಅವ್ವನಿಂದ ಅವನು ವರ್ಷದಿಂದ ಶಾಲೆಗೇ ಹೋಗಿಲ್ಲವೆಂದು ಗೊತ್ತಾಯಿತು. ಒಳ್ಳೆಯ ಗೆಳೆಯರಿದ್ದಾರೆ ಅನ್ನುವುದಕ್ಕೆ ಐದು ಕಾಳು ಹಾಕಿದ್ದನಲ್ಲ. “ಯಾಕೋ ಹಂಗ ಹಾಕಿದಿ?” ಅಂದರೆ, “ಒಂದ ಹಾಕಿದ್ರ ಒಂದ ಸಿಗ್ತಿತ್ತಲ್ರಿ,” ಅಂದ. ಅಕ್ಕೋರು ಹಣೆ ಹಣೆ ಬಡಿದುಕೊಂಡು ನಕ್ಕರು. “ನಾ ಎಂಥಾ ಮಳ್ಳ ಹೆಂಗಸ್ರಿ. ಹಸದ ಮಕ್ಳ ಮುಂದ ಶೇಂಗಾ ಇಟ್ಟು ಧೈರ್ಯ ಅಳದೀನಿ.” ಮುಂದಿನ ಸಲ ಹುಣಸೆ ಬೀಜ ತಂದರು. ತಿನ್ನಲು ಬರುವುದಿಲ್ಲ, ಇನ್ನು ಸುಳ್ಳಿಗೆ ಆಸೆ ಇಲ್ಲ ಎಂದುಕೊಂಡರು. ಮಕ್ಕಳು ಮತ್ತೆ ಐದೈದೇ ಹಾಕಿದವು.

ಅಲ್ಲಿಗೆ ಅವರ ನಗು ನಿಂತಿತು. ಶೇಂಗಾದ ತಪ್ಪಲ್ಲ ಇದು, ನಮ್ಮ ತಪ್ಪು ಎಂದು ಅವರಿಗೂ ಹೊಳೆಯಿತು, ನನಗೂ. ನಮ್ಮ ಸೀಮೆಯಲ್ಲಿ “ಆರಾಮ ಅದೀರಿ?” ಎಂದು ಕೇಳಿದರೆ ಉತ್ತರ ಒಂದೇ. ಸೊಂಟ ಮುರಿದು ಮಲಗಿದ್ದ ನನ್ನ ಅಪ್ಪ, ನೋಡಲು ಬಂದವರಿಗೆಲ್ಲ ಹಾಸಿಗೆಯಿಂದಲೇ “ಆರಾಮ್ರಿ” ಅನ್ನುತ್ತಿದ್ದ. ಆರಾಮಿಲ್ಲ ಅಂದರೆ ಕೇಳಿದವರಿಗೆ ಅವಮಾನ, ಹೇಳಿದವರಿಗೆ ಅಪಶಕುನ. ಮಕ್ಕಳಿಗೂ ಅದನ್ನೇ ಉಣಿಸಿದ್ದೇವೆ. ಡಾಕ್ಟರು ಕೇಳಿದರೆ ಆರಾಮ ಅನ್ನು, ಜಲ್ದಿ ಬಿಡುತ್ತಾರೆ. ಅಜ್ಜಿ ಕೇಳಿದರೆ ಆರಾಮ ಅನ್ನು, ಅವಳು ಅಳುತ್ತಾಳೆ. ಹುಣಸೆ ಬೀಜ ಕೇಳಿದರೂ ಅವು ಆರಾಮ ಅನ್ನದೆ ಮತ್ತೇನು ಅನ್ನಬೇಕು.

ಅಕ್ಕೋರು ಒಂದು ದಿನ ಬೀಜದ ಡಬ್ಬಿಯನ್ನು ಮೌನೇಶನ ಮಡಿಲಿಗೆ ಇಟ್ಟು, “ಇವತ್ತ ನೀವು ನನ್ನ ಅಳೀರಿ,” ಅಂದರು. ನಾನು ಬಾಗಿಲ ಹತ್ತಿರ ಹಣ್ಣು ಸುಲಿಯುತ್ತಿದ್ದೆ. ನನ್ನ ಅಂಬಿಕಾ ವಾಕ್ಯ ಓದಿದಳು: ಕಷ್ಟ ಬಂದಾಗ ನಾನು ಧೈರ್ಯಗೆಡುವುದಿಲ್ಲ. ಅಕ್ಕೋರು ತಟ್ಟೆಗೆ ಎರಡು ಬೀಜ ಹಾಕಿದರು. ಆಮೇಲೆ ಇನ್ನೊಂದು: ಬೇಸರವಾದಾಗ ಹೇಳಿಕೊಳ್ಳಲು ಒಬ್ಬರಿದ್ದಾರೆ. ಒಂದೇ ಹಾಕಿದರು.

“ಒಂದಾ?” ಅಂದ ಮೌನೇಶ.

“ಹೂಂ. ನಮ್ಮವ್ವಗ ಮಾತು ಬರಂಗಿಲ್ಲ. ಮತ್ತ ಯಾರಿಲ್ಲ. ಒಂದೊಂದ ದಿನ ಅಕಿನ್ನ ಎತ್ತಿ ಕೂಡಸುವಾಗ ನನಗ ಸಿಟ್ಟ ಬರ್ತದ. ಬಾಗಲಾ ತಗದು ಓಡಿ ಹೋಗ್ಬೇಕು ಅನಸ್ತದ.”

ಮಕ್ಕಳು ಕಣ್ಣು ಪಿಳಿಪಿಳಿ ಬಿಟ್ಟವು. ದೊಡ್ಡವರೊಬ್ಬರು ಆರಾಮಿಲ್ಲ ಅಂದದ್ದನ್ನು ಅವು ಮೊದಲ ಸಲ ಕೇಳಿದ್ದವು. ಆಮೇಲೆ ಅಂಬಿಕಾ, ಆಗ ಅವಳಿಗೆ ಹನ್ನೆರಡು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಒಂದೇ ಒಂದು ಬೀಜ ಹಾಕಿದಳು. “ನನಗ ಸಾಕಾಗೇದ್ರಿ ಅಕ್ಕೋರ. ಈ ರಗತ ಸಾಕು. ನಾ ಆರಾಮ ಅನ್ಲಿಲ್ಲಂದ್ರ ಅವ್ವ ರಾತ್ರಿ ಉಣ್ಣಂಗಿಲ್ಲ,” ಅಂದಳು.

ಹಣ್ಣು ಅಲ್ಲೇ ಇಟ್ಟು ಎದ್ದೆ. ನಾನು ಸಿಟ್ಟಿನ ಹೆಂಗಸು, ಮುಚ್ಚಿಡುವುದಿಲ್ಲ. ಅಕ್ಕೋರನ್ನು ವರಾಂಡಕ್ಕೆ ಎಳೆದು, “ಧೈರ್ಯ ತುಂಬ್ರಿ ಅಂತ ಕಳಿಸ್ಯಾರ. ಇದ್ದ ಧೈರ್ಯಾನೂ ಕಸಗೊಂಡು ಕೂತೀರಲ್ಲ,” ಎಂದು ಎಗರಾಡಿದೆ. ಸಿಸ್ಟರುಗಳು ಕೆಲಸ ಬಿಟ್ಟು ನೋಡಿದರು. ಅಕ್ಕೋರು ನಾನು ಮುಗಿಸುವ ತನಕ ಕಾದರು. “ಅಕಿ ಸಾಕಾಗೇದ ಅಂದ್ಲು. ಬಿಡ್ತೀನಿ ಅನ್ಲಿಲ್ಲ. ಎರಡೂ ಒಂದ ಅಂತ ತಿಳದು ನೀವು ಹೆದರೀರಿ,” ಅಂದರು. ನಾನು ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಅಂಬಿಕಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಅವ್ವ, ನಾ ಗುಳಿಗಿ ನುಂಗಾಕತ್ತಿಲ್ಲ. ಬಚ್ಚಲದಾಗ ಹಾಕ್ತೀನಿ. ದಸರಾದಿಂದ.”

ಗುಳಿಗೆ ಕೊಟ್ಟರೂ ಕಬ್ಬಿಣ ಯಾಕೆ ಏರುತ್ತಿದೆ ಎಂದು ಡಾಕ್ಟರು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ದೇವರನ್ನು, ಡಾಕ್ಟರನ್ನು, ಗುಳಿಗೆಯ ಕಂಪನಿಯನ್ನು ಸಾಲಾಗಿ ಬೈಯುತ್ತಿದ್ದೆ. ನನ್ನ ಮಗಳು ದಿನಾ ನಗುನಗುತ್ತಾ ಆರಾಮ ಅನ್ನುತ್ತ ನನ್ನ ಮುಂದೆಯೇ ಸಾಯುವ ದಾರಿ ಹಿಡಿದಿದ್ದಳು. ಬಸ್ಸು ತುಂಬ ಜನ, ಅಳಲೂ ಜಾಗವಿಲ್ಲ. ಮನೆಗೆ ಬಂದು ಅವ್ವ ಮಗಳು ಬಾಗಿಲು ಹಾಕಿಕೊಂಡು ಅತ್ತೆವು. ಕೊನೆಗೆ ಅವಳೇ ಒಂದು ಕರಾರು ಹಾಕಿದಳು: ನುಂಗುತ್ತೇನೆ, ಆದರೆ ಬೈಯುತ್ತ ನುಂಗುತ್ತೇನೆ, ನೀನು ಸುಮ್ಮನಿರಬೇಕು. ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನ ಮಗಳ ಬಾಯಿಂದ ಬರುತ್ತಿದ್ದ ಬೈಗುಳ ಕೇಳಿದ್ದರೆ ನನ್ನ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಮನೆಗೆ ಕಳಿಸುತ್ತಿದ್ದರು. ಬೈದುಕೊಂಡು ನುಂಗಿದ ಗುಳಿಗೆಯೂ ಕೆಲಸ ಮಾಡುತ್ತದೆ. ಕಬ್ಬಿಣ ಇಳಿಯಿತು. ಇವತ್ತು ಅವಳು ಬದುಕಿದ್ದಾಳೆ ಎಂದರೆ ಅದು ಅಕ್ಕೋರಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಉಳಿದ ಮಕ್ಕಳೂ ಬಾಯಿಬಿಟ್ಟವು. ಗೋಗಿಯ ಒಂದು ಹುಡುಗಿ ತನಗೆ ಸೂಜಿಗಿಂತ ತಂಗಿಯ ಮೇಲೆ ಸಿಟ್ಟು ಜಾಸ್ತಿ ಅಂದಳು, ತಂಗಿಗೆ ಈ ರೋಗ ಇಲ್ಲವಲ್ಲ. ಮೌನೇಶ ತನ್ನನ್ನು ಊರಲ್ಲಿ ಯಾರೂ ಆಟಕ್ಕೆ ಕರೆಯುವುದಿಲ್ಲ ಅಂದ. ಆ ಮುಚ್ಚಿದ ಕೋಣೆಯಲ್ಲಿ ಮಕ್ಕಳು ಅತ್ತವು, ಜಗಳಾಡಿದವು, ಮತ್ತೆ ಬೀಜ ಎಣಿಸಿದವು. ತಟ್ಟೆಯಲ್ಲಿ ಒಂದು, ಎರಡು, ಅಪರೂಪಕ್ಕೆ ಮೂರು. ಅಕ್ಕೋರು ಇದ್ದದ್ದನ್ನು ಇದ್ದ ಹಾಗೆಯೇ ಕಳಿಸಿದರು.

ಆ ಲೆಕ್ಕ ಹೋಗಿ ಮುಟ್ಟಿದ ಮೇಲೆ ಸಂಸ್ಥೆಯ ಸಾಹೇಬರೇ ಇಳಿದು ಬಂದರು. ಕೆಟ್ಟ ಮನುಷ್ಯರಲ್ಲ, ಮಕ್ಕಳಿಗೆ ಬಣ್ಣದ ಪೆನ್ಸಿಲ್ ತಂದಿದ್ದರು. ತಾಯಂದಿರ ಪರವಾಗಿ ಒಬ್ಬರು ಇರಲೆಂದು ನನ್ನನ್ನೂ ಕೂರಿಸಿಕೊಂಡರು. ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ತೋರಿಸಿದರು. ಮೊದಲು ಮೇಲಿತ್ತು, ಆಮೇಲೆ ಜಾರುಬಂಡೆಯ ಹಾಗೆ ಕೆಳಗೆ.

“ಮೇಡಂ, ನೀವು ಬಂದಾಗ ಈ ಮಕ್ಕಳು ಎಲ್ಲರಿಗಿಂತ ಮೇಲಿದ್ದರು. ನೀವು ಕೆಲಸ ಮಾಡಿದ ಮೇಲೆ ಎಲ್ಲರಿಗಿಂತ ಕೆಳಗಿದ್ದಾರೆ,” ಅಂದರು.

“ಮೊದಲಿಂದು ಸುಳ್ಳಿತ್ರಿ ಸರ್. ಈಗ ಖರೇ ಹೇಳಾಕತ್ಯಾವ,” ಅಂದರು ಅಕ್ಕೋರು.

“ಇರಬಹುದು. ಆದರೆ ಅದನ್ನು ನಾನು ಯಾವ ಅಳತೆಯಿಂದ ತೋರಿಸಲಿ?”

ನಾನು ಗುಳಿಗೆಯ ಕಥೆ ಹೇಳಿದೆ. ಅವರು ಕೇಳಿ, ಒಂದು ಮಗುವಿನ ಮಾತಿನಿಂದ ಗೆರೆ ಏರುವುದಿಲ್ಲ ಅಂದರು. ಕೊನೆಗೆ ತಾವೇ ಇನ್ನೊಮ್ಮೆ ಬಂದು ಅಳೆಯುವುದಾಗಿಯೂ, ಆಗಲೂ ಹೀಗೇ ಇದ್ದರೆ ಅಕ್ಕೋರ ಜಾಗಕ್ಕೆ ಬೇರೆಯವರನ್ನು ತರಬೇಕಾಗುವುದೆಂದೂ ಹೇಳಿದರು. ಮೆತ್ತಗೇ ಹೇಳಿದರು. ಆದರೆ ನಾವು ಕೂತದ್ದು ವಾರ್ಡಿನ ಮೂಲೆಯಲ್ಲಿ. ಮೌನೇಶ ಕಣ್ಣು ಮುಚ್ಚಿ ಮಲಗಿದ್ದ, ನಿದ್ದೆ ಬಂದಿರಲಿಲ್ಲ.

ಆಮೇಲೆ ತಾಯಂದಿರ ಫೋನುಗಳಲ್ಲಿ ಮಕ್ಕಳ ಗುಸುಗುಸು ಶುರುವಾಯಿತು. ಅಕ್ಕೋರಿಗೂ ವಾಸನೆ ಬಡಿದು, ಒಬ್ಬೊಬ್ಬರನ್ನೇ ಕೂರಿಸಿ, “ನನ್ನ ಫಿಕರ್ ಮಾಡಬ್ಯಾಡ್ರಿ. ಇದ್ದದ್ದ ಹೇಳ್ರಿ,” ಅಂತ ಬೇಡಿಕೊಂಡರು. ಸಾಹೇಬರು ಬರುವ ಹಿಂದಿನ ದಿನ ರೊಟ್ಟಿ ಬಡಿಯುತ್ತಿದ್ದಾಗ ಅಂಬಿಕಾ ಬಂದು ನನ್ನ ಪಕ್ಕ ಕೂತಳು.

“ನಾಳಿ ಎಲ್ಲಾರೂ ಐದೈದ ಹಾಕೂದು ಅಂತ ಠರಾವ್ ಆಗೇದವ್ವ.”

“ಅಕ್ಕೋರು ಖರೇ ಹೇಳ್ರಿ ಅಂದಾರಲ್ಲ.”

“ಖರೇ ಹೇಳಿದ್ರ ಅಕ್ಕೋರು ಹೋಗ್ತಾರ. ಅಕ್ಕೋರು ಹೋದ್ರ ಖರೇ ಯಾರಿಗಿ ಹೇಳೂದು?”

ಆಮೇಲೆ ರೊಟ್ಟಿ ಸೀದದ್ದು ಮಾತ್ರ ನೆನಪಿದೆ.

ಮರುದಿನ ರಕ್ತದ ಸರದಿ ಇಲ್ಲದ ಮಕ್ಕಳನ್ನೂ ಕರೆಸಿದ್ದರು. ಅಕ್ಕೋರು ಒಳಗಿರಬಾರದೆಂದು ಸಾಹೇಬರು ಬಾಗಿಲು ಮುಂದಕ್ಕೆ ಎಳೆದುಕೊಂಡರು. ಅಕ್ಕೋರು ಮತ್ತು ನಾನು ವರಾಂಡದ ಬೆಂಚಿನ ಮೇಲೆ ಕೂತೆವು. ಒಳಗೆ ಸ್ಟೀಲ್ ತಟ್ಟೆಗೆ ಬೀಜ ಬೀಳುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಟಣ್ ಟಣ್ ಎಂದು ಐದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಐದು. ಮೌನೇಶನ ಸರದಿ ಬಂದಾಗ ಅವನ ದನಿ ಹೊರಗೇ ಬಂತು: “ಇನ್ನೊಂದ ಬೀಜ ಕೊಡ್ರಿ ಸಾಹೇಬ್ರ. ನನ್ನ ಧೈರ್ಯ ಐದಕ್ಕ ಮುಗಿಯಂಗಿಲ್ಲ.” ಸಾಹೇಬರು ಜೋರಾಗಿ ನಕ್ಕರು.

ಅಕ್ಕೋರು ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, “ನನ್ನ ಉಳಸ್ಕೊಳ್ಳಾಕತ್ಯಾವ್ರಿ ಇವು,” ಅಂದರು. ಅವರ ದನಿ ಮೆಲ್ಲಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಲ್ಲ ಮಕ್ಕಳೂ ಮುಗಿಯುವ ತನಕ ಅತ್ತರು, ಬಾಗಿಲು ತೆರೆಯುವ ಮುಂಚೆ ಮುಖ ಒರೆಸಿಕೊಂಡು ಎದ್ದು ನಿಂತರು. ಸಾಹೇಬರು ಅವರ ಕೈ ಕುಲುಕಿದರು. ಮಕ್ಕಳು ಹಿಂದಿನಿಂದ ಒಬ್ಬರನ್ನೊಬ್ಬರು ಚಿವುಟಿಕೊಂಡು ನಗುತ್ತಿದ್ದವು.

ಸಂಸ್ಥೆಯಿಂದ ಫೋನು ಬಂದದ್ದು ಮುಂದಿನ ವಾರ. ಅದನ್ನು ಅಕ್ಕೋರು ನನಗೆ ಹೇಳಿದ್ದು ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ, ನಿಂತುಕೊಂಡೇ. ಗೆರೆ ಏರಿದೆ, ಎಲ್ಲಕ್ಕಿಂತ ಮೇಲೆ ಹೋಗಿದೆ. ಇಲ್ಲಿಯ ಮಕ್ಕಳು ಗಟ್ಟಿಯಾಗಿದ್ದಾರೆ, ಇಲ್ಲಿಯ ಕೆಲಸ ಮುಗಿಯಿತು. ಇನ್ನು ಈ ವಾರ್ಡಿಗೆ ಯಾರೂ ಬೇಡ. ಬೇಕಾದರೆ ಬೀದರಿನ ಕಡೆ ಹೋಗಬಹುದು.

“ನಮ್ಮವ್ವನ್ನ ಹೊತ್ಕೊಂಡು ಬೀದರಿಗಿ ಹ್ಯಾಂಗ ಹೋಗ್ಲಿ?” ಅಂದರು.

ನನ್ನ ಪಿತ್ತ ನೆತ್ತಿಗೇರಿತು. “ಮಕ್ಳು ಸುಳ್ಳ ಹೇಳ್ಯಾವ ಅಂತ ಸಾಹೇಬ್ರಿಗಿ ಹೇಳ್ರಿ. ನೀವು ಹೇಳದಿದ್ರ ನಾ ಹೇಳ್ತೀನಿ,” ಅಂದೆ.

“ಸುಳ್ಳ ಅಂದ್ರ ಗೆರಿ ಇಳಿತದ, ನನ್ನ ತಗೀತಾರ. ಖರೇ ಅಂದ್ರ ಗೆರಿ ಏರೇದ, ನನ್ನ ಬ್ಯಾಡ ಅಂತಾರ. ಯಾವ ಬಾಗಲದಿಂದ ಹೊರಗ ಹೋದ್ರೇನ್ರಿ.” ಸುರಪುರದ ಬಸ್ಸು ಬಂದು ನಿಂತಿತು, ಅವರು ಹತ್ತಲಿಲ್ಲ. “ಅದಲ್ಲ ನನ್ನ ಚಿಂತಿ. ತಾವು ಐದೈದ ಹಾಕಿದ್ದಕ್ಕ ನಾ ಹೋದೆ ಅಂತ ಆ ಮಕ್ಳಿಗಿ ಗೊತ್ತಾಗಬಾರದು. ನೀವು ನನಗೊಂದು ಮಾತ ಕೊಡ್ಬೇಕು.”

ಕೊಟ್ಟೆ. ಕೊಡಬಾರದಿತ್ತು ಎಂದು ಎಷ್ಟೋ ಸಲ ಅನಿಸಿದೆ, ಕೊಡದೆ ಮತ್ತೇನು ಮಾಡುತ್ತಿದ್ದೆ ಎಂದೂ ಅನಿಸಿದೆ.

ಅವರು ಹೊರಡುವ ದಿನ ವಾರ್ಡಿಗೆ ಪೇಡೆಯ ಡಬ್ಬಿ ಹಿಡಿದು ಬಂದರು. “ನೀವೆಲ್ಲಾರೂ ಐದೈದ ಹಾಕಿದ್ರೆಲ್ಲ, ಸಾಹೇಬ್ರು ಅದನ್ನ ನೋಡಿ ನನಗ ಪ್ರಮೋಷನ್ ಕೊಟ್ಟಾರ. ಕಲಬುರಗ್ಯಾಗ ದೊಡ್ಡ ಆಫೀಸು. ನನ್ನ ಮಾತ ಕೇಳದ ಹುಡುಗ್ರು, ನಿಮ್ಮಿಂದ ನಾ ದೊಡ್ಡಾಕಿ ಆದೆ,” ಅಂದರು. ಮಕ್ಕಳ ಮುಖ ಒಂದು ಗಳಿಗೆ ಸಣ್ಣದಾಯಿತು, ಹೋಗುತ್ತಾರಲ್ಲ ಎಂದು. ಆಮೇಲೆ ಮೌನೇಶ ಸೂಜಿ ಚುಚ್ಚಿದ ಕೈಯನ್ನೇ ಎತ್ತಿ ಕುಣಿದ, ಸಿಸ್ಟರ್ ಬೈದರು. ಅಕ್ಕೋರು ಆವತ್ತು ಎಷ್ಟು ಜೋರಾಗಿ ನಕ್ಕರೆಂದರೆ ಪಕ್ಕದ ವಾರ್ಡಿನವರೂ ಇಣುಕಿದರು. ನಾನೂ ಮಕ್ಕಳ ಜೊತೆ ನಿಂತು ಪೇಡೆ ತಿಂದೆ.

ಕಲಬುರಗಿಯ ಆಫೀಸು ಇದ್ದದ್ದು ಸುರಪುರದ ಬಸ್ ಸ್ಟ್ಯಾಂಡಿನ ಎದುರು. ಅಲ್ಲೊಂದು ಸ್ಟೇಷನರಿ ಅಂಗಡಿಯಲ್ಲಿ ಅವರು ಪೆನ್ನು, ರಿಬ್ಬನ್ನು ಮಾರುತ್ತ ನಿಂತರು. ಮನೆ ಹತ್ತಿರ, ಮಧ್ಯಾಹ್ನ ಓಡಿ ಹೋಗಿ ತಾಯಿಗೆ ಗಂಜಿ ಕುಡಿಸಿ ಬರಬಹುದು. ಶಹಾಪುರದಿಂದ ನನ್ನ ತವರು ದೇವಾಪುರಕ್ಕೆ ಹೋಗಬೇಕೆಂದರೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತಬೇಕು. ಅಂದಿನಿಂದ ಮಗಳು ಜೊತೆಗಿದ್ದರೆ ನಾನು ಅಲ್ಲಿ ಇಳಿಯಲಿಲ್ಲ. ತಮ್ಮನಿಗೆ ಟಂಟಂ ಆಟೋ ತೆಗೆದುಕೊಂಡು ಊರ ಹೊರಗೇ ನಿಲ್ಲಲು ಹೇಳುತ್ತಿದ್ದೆ. “ಬಸ್ ಸ್ಟ್ಯಾಂಡಿನ ಧೂಳಿಗಿ ಅಕಿಗಿ ಕೆಮ್ಮ ಬರ್ತದ,” ಅನ್ನುತ್ತಿದ್ದೆ. ತಮ್ಮ ನನ್ನನ್ನು ಹುಚ್ಚಿ ಅಂದ. ಮೌನೇಶನ ಅವ್ವನೂ ದೇವಾಪುರದವಳು, ಅವಳಿಗೂ ವಿಷಯ ಹೇಳಬೇಕಾಯಿತು. ಅವಳು ಮಗನನ್ನು ಅಂಗಡಿಯ ಮುಂದೆ ದಾಟಿಸುವಾಗ ತಲೆಗೆ ಸೆರಗು ಹೊದಿಸುತ್ತಿದ್ದಳಂತೆ. ಒಂದು ಸುಳ್ಳಿಗಾಗಿ ದೊಡ್ಡವರು ಹೀಗೆ ಕಳ್ಳರ ಹಾಗೆ ತಿರುಗಾಡಿದೆವು.

ಮಕ್ಕಳು ಫೋನು ಮಾಡುತ್ತಿದ್ದವು, ಅಕ್ಕೋರೂ ಮಾಡುತ್ತಿದ್ದರು. ಆಫೀಸಿನಲ್ಲಿದ್ದೇನೆ ಅನ್ನುವರು, ಹಿಂದಿನಿಂದ ಕಂಡಕ್ಟರ್ “ಶಹಾಪುರ, ಶಹಾಪುರ” ಎಂದು ಕೂಗುತ್ತಿರುತ್ತಿದ್ದ. “ಇವತ್ತ ಫೀಲ್ಡಿಗಿ ಬಂದೀನಿ,” ಅನ್ನುವರು. ನಾನೊಬ್ಬಳೇ ಇರುವ ದಿನ ಅಂಗಡಿಗೆ ಹೋಗಿ ಬೇಡದ ಪೆನ್ನು ಕೊಳ್ಳುತ್ತಿದ್ದೆ. ಅಂಬಿಕಾನ ಕಬ್ಬಿಣ ಎಷ್ಟಿದೆ ಎಂಬುದೇ ಅವರ ಮೊದಲ ಪ್ರಶ್ನೆ. ಬೈಗುಳ ಹೊಸವು ಕಲಿತಳೇ ಎಂಬುದು ಎರಡನೆಯದು. ಅವಳನ್ನು ಒಮ್ಮೆ ನೋಡಬೇಕೆಂದು ಬಾಯಿ ಬಿಟ್ಟು ಕೇಳಲಿಲ್ಲ. ನನ್ನ ಫೋನಿನಲ್ಲಿ ಅವಳ ಫೋಟೋ ನೋಡಿ, ದೊಡ್ಡದು ಮಾಡಿ ಮತ್ತೆ ನೋಡಿ, ಗಿರಾಕಿ ಬಂದರೆ ಫೋನ್ ತಿರುಗಿ ಕೊಡುತ್ತಿದ್ದರು.

ಅಕ್ಕೋರು ಹೋದ ತಿಂಗಳು ತೀರಿಕೊಂಡರು. ಎದೆನೋವು, ಅಂಗಡಿಯಲ್ಲೇ ಕುಸಿದರಂತೆ. ತಾಯಿ ಇನ್ನೂ ಇದ್ದಾರೆ. ಈಗ ದೂರದ ಸಂಬಂಧದ ಹುಡುಗಿಯೊಬ್ಬಳು ಬಂದು ನೋಡಿಕೊಳ್ಳುತ್ತಿದ್ದಾಳೆ. ಅಕ್ಕೋರ ಮಣ್ಣಿನ ದಿನವೇ ಅಂಬಿಕಾನ ರಕ್ತದ ದಿನ. ಅವಳು ಈಗ ಡಿಗ್ರಿ ಓದುವ ಹುಡುಗಿ. ಅಪ್ಪನ ಜೊತೆ ಯಾದಗಿರಿಯಲ್ಲಿ ಕೈಗೆ ಸೂಜಿ ಹಾಕಿಸಿಕೊಂಡು ಕೂತಿದ್ದಳು. ನಾನೊಬ್ಬಳೇ ಮಣ್ಣಿಗೆ ಹೋಗಿ ಬಂದೆ. ತಾಯಿಯನ್ನು ನೋಡಲು ರಜೆಯ ಮೇಲೆ ಊರಿಗೆ ಬಂದಿದ್ದರಂತೆ, ಹಾಗಾಯಿತು ಎಂದು ಮಗಳಿಗೆ ಹೇಳಿದೆ. ಸುಳ್ಳು ಹೇಳುವುದು ನನಗೆ ಈಗ ನೀರು ಕುಡಿದಷ್ಟು ಸಲೀಸು.

ಅವಳು ಅತ್ತಳು. ಆಮೇಲೆ ಒಂದು ಮಾತು ಅಂದಳು. “ಹುಟ್ಟಿದಾಗಿಂದ ನಾ ಮಂದಿ ಕಡಿಂದ ತಗೊಂಡೀನಿ ಅವ್ವ. ರಗತ ಮಂದೀದು. ಬಸ್ಸಿನ್ಯಾಗ ಸೀಟು ಮಂದೀದು. ನಿನ್ನ ವಯಸ್ಸು ನಾನ ತಿಂದೀನಿ. ನಾ ಕೊಟ್ಟಿದ್ದು ಒಂದ ಅದ, ಅಕ್ಕೋರಿಗಿ ಪ್ರಮೋಷನ್. ಸೂಜಿ ಚುಚ್ಚುವಾಗ ನಾ ಅದನ್ನ ನೆನಸ್ಕೋತೀನಿ.”

ಈಗಿನ ಸಣ್ಣ ಮಕ್ಕಳಿಗೆ ವಾರ್ಡಿನಲ್ಲಿ ಅವಳೂ ಮೌನೇಶನೂ ಅದೇ ಕಥೆ ಹೇಳುತ್ತಾರೆ. ಅಲ್ಲಿ ಈಗ ಯಾವ ಅಕ್ಕೋರೂ ಇಲ್ಲ, ಆ ಕಥೆ ಒಂದಿದೆ. ಮಾತು ತೆಗೆದುಕೊಂಡವರು ಹೋದರು, ಮಾತು ಕೊಟ್ಟ ನಾನು ಇದರೊಳಗೆ ಉಳಿದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಎಂದು ಇವತ್ತು ಮಧ್ಯಾಹ್ನ ಕಾಗದ ಹಿಡಿದು ಕೂತೆ.

ಇಲ್ಲಿಯವರೆಗೆ ಬರೆಯುವ ಹೊತ್ತಿಗೆ ಕಾಲೇಜಿನಿಂದ ಬಂದ ಅಂಬಿಕಾ ನೀರು ಕುಡಿಯುತ್ತ ಬಾಗಿಲಲ್ಲಿ ನಿಂತಳು.

“ಏನ್ ಬರಿಯಾಕತ್ತೀದಿ ಅವ್ವ?”

“ಅಕ್ಕೋರ ಬಗ್ಗೆ.”

“ನಮ್ಮಿಂದ ಪ್ರಮೋಷನ್ ಸಿಕ್ತಲ್ಲ, ಅದನ್ನ ಬರದಿಯೇನು?”

“ಬರದೀನಿ.”

“ಮುಗದ ಮ್ಯಾಲ ನನಗ ಕೊಡು. ವಾರ್ಡಿನ್ಯಾಗ ಸಣ್ಣ ಹುಡುಗ್ರಿಗಿ ಓದಿ ಹೇಳ್ತೀನಿ,” ಅಂದಳು.

ಕೊಡುತ್ತೇನೆ ಅಂದೆ.